ಟೀಚರಮ್ಮನ ಎರಡು ಬೆರಳು

ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಸುಟ್ಟ ಕಲೆಗಳಿದ್ದವು. ಒಂದು ಹಳೆಯದು, ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದ್ದು ಹೊಸದು, ಗುಳ್ಳೆ ಒಡೆದು ಒಳಗಿನ ಎಳೆಯ ಚರ್ಮ ಕಾಣುತ್ತಿತ್ತು. ಬೆರಳು ಹೀಗಿದ್ದರೂ ಉಗುರುಗಳನ್ನು ಮಾತ್ರ ತೀರಾ ಸಣ್ಣಗೆ ಕತ್ತರಿಸಿ, ಸುಲಿದ ಅವರೆಕಾಳಿನ ಹಾಗೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಿದ್ದರು. ಹಬ್ಬದ ಹಿಂದಿನ ದಿನ ನರ್ಸುಗಳು ಗೋರಂಟಿ ಅರೆದು ತಂದರೆ, "ಬೆರಳಿಗೆ ಬೇಡ ಮಾರಾಯ್ತಿ, ಅಂಗೈಗೆ ಒಂದು ಚುಕ್ಕಿ ಇಡು ಸಾಕು" ಎನ್ನುತ್ತಿದ್ದರು. ಅವರಿಗೆ ಅಲಂಕಾರ ಇಷ್ಟವಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಅವರು ಶಾಲೆಯ ಟೀಚರಲ್ಲ. ಮೂಡಿಗೆರೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವವರು. ಮರದಿಂದ ಬಿದ್ದವರು, ಲಕ್ವ ಹೊಡೆದವರು, ಮೂಳೆ ಕೂಡಿಕೊಂಡ ಮೇಲೂ ಕೈಕಾಲು ಆಡದವರು ಅವರ ಕೋಣೆಗೆ ಬರುತ್ತಿದ್ದರು. ಬಾಗಿಲ ಮೇಲೆ ಫಿಸಿಯೋಥೆರಪಿ ಎಂದು ಬೋರ್ಡು ಇತ್ತು. ತೋಟದ ಜನಕ್ಕೆ ಆ ಹೆಸರು ನಾಲಿಗೆಗೆ ಸಿಗದು. ಎಲ್ಲರಿಗೂ ಅಂಕ ಕೊಡುತ್ತಾರೆ ಎಂಬ ಕಾರಣಕ್ಕೆ ಟೀಚರಮ್ಮ ಎಂದು ಕರೆದರು, ಅದೇ ಉಳಿಯಿತು.

ಅಂಕ ಕೊಡುವುದು ಹೀಗೆ. ಅವರು ತಮ್ಮ ಎರಡು ಬೆರಳನ್ನು ಜೋಡಿಸಿ ರೋಗಿಯ ಅಂಗೈಯಲ್ಲಿ ಇಡುತ್ತಿದ್ದರು. "ಹಿಡಿ. ಇನ್ನೂ ಹಿಡಿ. ಇಷ್ಟೇಯಾ? ಬೆಳಿಗ್ಗೆ ಊಟ ಮಾಡಿಲ್ವಾ?" ಎಂದು ಗದರುತ್ತಿದ್ದರು. ಆಮೇಲೆ ತಲೆ ತಗ್ಗಿಸಿ ಬೆರಳ ತುದಿಯನ್ನೇ ನೋಡುತ್ತಾ ಒಂದು ಅಂಕ ಹೇಳುತ್ತಿದ್ದರು. ಏನೂ ಅಲ್ಲಾಡದಿದ್ದರೆ ಸೊನ್ನೆ. ಚೂರು ಮಿಡಿದರೆ ಒಂದು. ಹಾಗೆ ಏರುತ್ತಾ ಹೋಗಿ, ಪೂರ್ತಿ ಬಲವಿದ್ದರೆ ಐದು. ಆರು ಎಂಬುದಿಲ್ಲ.

ಜನ ಚೌಕಾಸಿ ಮಾಡುತ್ತಿದ್ದರು. "ಟೀಚರಮ್ಮ, ಮೂರೂವರೆ ಆದ್ರೂ ಕೊಡಿ, ಅಷ್ಟು ದೂರದಿಂದ ಬಂದಿದೀನಿ."

"ಇದೆಂತ ಮೆಣಸಿನ ರೇಟಾ ಮಾರಾಯ, ಏರಿಸೋಕೆ ಇಳಿಸೋಕೆ? ಮೂರು ಅಂದ್ರೆ ಮೂರು. ಸುಳ್ಳು ಬಲ ಕೊಟ್ಟು ಕಳಿಸಿದ್ರೆ ನೀನು ಹೋಗಿ ಏಣಿ ಹತ್ತುತೀಯ. ಆಮೇಲೆ ನಿನ್ನ ಹೆಂಡತಿಗೆ ನಾನು ಎಂತ ಹೇಳ್ಲಿ?"

ಇಲ್ಲದ ಬಲವನ್ನು ಇದೆ ಎಂದು ಯಾರಿಗೂ ಹೇಳಬಾರದು ಎಂಬುದೊಂದೇ ಅವರ ಧರ್ಮ. ದೇವರ ಪಟದ ಮುಂದೆ ಅವರು ಕೈ ಮುಗಿದದ್ದನ್ನು ನಾನು ಹೆಚ್ಚು ನೋಡಿಲ್ಲ. ಅಂಕದ ವಿಷಯದಲ್ಲಿ ಮಾತ್ರ ವ್ರತ ಹಿಡಿದವರ ಹಾಗೆ ಇದ್ದರು.

ನಾನು ಅವರಲ್ಲಿಗೆ ಬಂದದ್ದು ಸೊನ್ನೆಯಾಗಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಬಾಳೂರು ಕಡೆ ಸ್ವಲ್ಪ ಕಾಫಿ ತೋಟ ಇದ್ದ ಸಂಸಾರ. ಕಳಸಕ್ಕೆ ಹೊರಟಿದ್ದ ಜೀಪು ತಿರುವಿನಲ್ಲಿ ಮಗುಚಿತು. ಹಿಂದೆ ಕಂಬಿ ಹಿಡಿದು ನಿಂತಿದ್ದ ನನ್ನ ಬಲತೋಳು ಎಳೆದು ಹೋಗಿ, ಭುಜದ ಹತ್ತಿರ ನರಗಳು ಹರಿದವು. ಮೂಳೆ ಮುರಿದಿರಲಿಲ್ಲ, ಚರ್ಮ ತರಚಿರಲಿಲ್ಲ. ನೋಡುವವರಿಗೆ ಕೈ ನೆಟ್ಟಗೇ ಇತ್ತು. ಅದು ಯಾರದೋ ಕೈಯನ್ನು ತಂದು ನೇತುಹಾಕಿದಂತೆ ಜೋಲುತ್ತಿತ್ತು. ಎಡಗೈಯಿಂದ ಅಡುಗೆ ಕಲಿತೆ, ಬಟ್ಟೆ ಒಗೆಯಲು ಕಲಿತೆ. ಮೂರನೇ ಕ್ಲಾಸಿನ ಮಗಳಿಗೆ ಜಡೆ ಹೆಣೆಯುವುದು ಮಾತ್ರ ಒಂದು ಕೈಯಲ್ಲಿ ಆಗಲಿಲ್ಲ. ಅವಳ ಕೂದಲನ್ನು ಗಿಡ್ಡ ಮಾಡಿಸಿದ ದಿನ, ಆ ಕೈಯನ್ನು ನಾನು ಎಡಗೈಯಿಂದ ಹೊಡೆದೆ.

ಇದನ್ನು ಟೀಚರಮ್ಮನಿಗೆ ಹೇಳಿದಾಗ ಅವರು ನಗಲಿಲ್ಲ. "ಕೈಗೆ ಬೈಬೇಡ. ಅದು ಮಾತು ಕೇಳ್ತಾ ಇಲ್ಲ ಅಂತ ಅಲ್ಲ. ಮಾತು ಅದಕ್ಕೆ ತಲುಪ್ತಾ ಇಲ್ಲ" ಎಂದರು.

ಎರಡು ವರ್ಷ ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಬಂದೆ. ಎಷ್ಟೋ ತಿಂಗಳು ಸೊನ್ನೆಯೇ. ಒಂದು ದಿನ ಅವರು ಬಹಳ ಹೊತ್ತು ಬೆರಳಿಟ್ಟು ಕೂತು, "ಒಂದು" ಎಂದರು. ನನಗೆ ಏನೂ ಆದಂತೆ ಅನಿಸಿರಲಿಲ್ಲ. "ಸಮಾಧಾನಕ್ಕೆ ಹೇಳ್ತಾ ಇದೀರಾ?" ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. "ನಿನ್ನ ಸಮಾಧಾನಕ್ಕೆ ಅಂಕ ಕೊಡೋ ಹಾಗಿದ್ರೆ ಮೊದಲನೇ ದಿನವೇ ಕೊಡ್ತಿದ್ದೆ. ಒಂದು ವರ್ಷ ಯಾಕೆ ನಿನ್ನನ್ನು ಅಳಿಸ್ತಿದ್ದೆ?" ಎಂದರು. ಆ ಬೈಗುಳವೇ ನನಗೆ ನಂಬಿಕೆ ಕೊಟ್ಟಿತು.

ಕೈ ಪೂರ್ತಿ ಬರಲಿಲ್ಲ. ಮೂರಕ್ಕೆ ನಿಂತಿತು. ಮೂರರ ಕೈಯಲ್ಲಿ ತೋಟದ ಕೆಲಸ ಆಗದು, ಜಡೆ ಹೆಣೆಯಬಹುದು. ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿ ಇತ್ತು. ಟೀಚರಮ್ಮ ಹೇಳಿ ಕೊಡಿಸಿದರು. ಮಗಳನ್ನು ಮೂಡಿಗೆರೆಯ ಶಾಲೆಗೆ ಹಾಕಿದೆ. ಅಂದಿನಿಂದ ನಾನು ಅವರ ಕೋಣೆಯಲ್ಲೇ, ಮರಳಿನ ಚೀಲ ಎತ್ತಿಕೊಡುತ್ತಾ, ರೋಗಿಗಳನ್ನು ಹಾಸಿಗೆಗೆ ಏರಿಸುತ್ತಾ ಇದ್ದೆ.

ಅವರು ಚಿಕ್ಕಮಗಳೂರಿನ ಅಂಗಡಿ ಮನೆತನದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ನೋಡೋಕೆ ಬಂದವನ ಕೈ ಹಿಡಿದು ನೋಡ್ದೆ. ಎರಡು ಕೂಡ ಬರ್ಲಿಲ್ಲ" ಎಂದು ಹೇಳಿ ಜೋರಾಗಿ ನಕ್ಕಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಕಾಫಿ ಮಾತ್ರ ಕುದಿಕುದಿ ಬೇಕು. ಲೋಟವನ್ನು ಸೆರಗಿನಿಂದ ಹಿಡಿಯುವ ಅಭ್ಯಾಸವಿಲ್ಲ, ಬರಿಗೈಯಲ್ಲೇ ಹಿಡಿಯುವರು. ನನಗೆ ಗೊತ್ತಿದ್ದ ಮೊದಲ ವರ್ಷಗಳಲ್ಲಿ "ಅಬ್ಬಾ" ಎಂದು ಲೋಟ ಕೆಳಗಿಟ್ಟು ಬೆರಳು ಊದಿಕೊಳ್ಳುತ್ತಿದ್ದರು. ಆಮೇಲೆ ಯಾವಾಗಲೋ ಆ "ಅಬ್ಬಾ" ನಿಂತುಹೋಯಿತು. ಕಲೆಗಳು ಶುರುವಾದದ್ದು ಆಗಲೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಇರಲಿಲ್ಲ. ಗಟ್ಟಿ ಕೈಯ ಗಂಡಾಳುಗಳು ಅವರ ಬೆರಳನ್ನು ಹಿಂಡಿದರೂ ಅವರು ಮುಖ ಕಿವುಚುತ್ತಿರಲಿಲ್ಲ. "ಟೀಚರಮ್ಮನಿಗೆ ನೋವೇ ಇಲ್ಲ" ಎಂದು ನಾವು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆವು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬೇಕು. ಬಾಳೂರಿನ ಒಂದು ಎಸ್ಟೇಟಿನಲ್ಲಿ ಮೆಣಸು ಕೊಯ್ಯುವ ಆಳೊಬ್ಬ ಲಕ್ವ ಹೊಡೆದು ಬಂದಿದ್ದ. ಎಡಗೈ ಬಿದ್ದುಹೋಗಿತ್ತು. ಆರೇಳು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡ. ಮೆಣಸಿನ ಕೊಯ್ಲು ಹತ್ತಿರವಿತ್ತು. ಕೊನೆಯ ಪರೀಕ್ಷೆಗೆ ಬಂದ ಸಂಜೆ ಮಂಜು ಕವಿದು, ಕರೆಂಟ್ ಹೋಗಿ, ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅವನಿಗೆ ಕೊನೆಯ ಬಸ್ಸಿನ ಅವಸರ. ಟೀಚರಮ್ಮ ಬೆರಳು ಕೊಟ್ಟರು. ಅವನು ಹಿಡಿದ. ಅವರು ಬೆರಳನ್ನು ಕಿಟಕಿಯ ಕಡೆ ತಿರುಗಿಸಿ ನೋಡಿದರು, ಮತ್ತೆ ಅವನ ಮುಖ ನೋಡಿದರು.

"ಹೋದ ವಾರ ಎಷ್ಟಿತ್ತು ನಿಂದು?"

"ಮೂರು ಅಂದಿದ್ರಿ ಅಮ್ಮ."

"ನಾಲ್ಕು" ಎಂದರು. "ಏಣಿ ಹತ್ತು. ಮೇಲಿನ ತುದಿಗೆ ಮಾತ್ರ ಹೋಗ್ಬೇಡ."

ಹದಿನೈದು ದಿನಕ್ಕೆ ಅವನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದಿಂದ ಬಿದ್ದ. ಎಡಗೈ ಜಾರಿತಂತೆ. ಸೊಂಟದ ಮೂಳೆ ಮುರಿದು ಮಂಗಳೂರಿಗೆ ಹೋಗಿ ಬಂದು, ಕಡೆಗೆ ನಮ್ಮ ಕೋಣೆಗೇ ಬಂದ, ನಾಲ್ಕು ಜನ ಹೊತ್ತ ಮಂಚದ ಮೇಲೆ. ಟೀಚರಮ್ಮನನ್ನು ಕಂಡು ಅವನೇ ನಗಲು ನೋಡಿದ.

"ಎಂತ ಮಾಡೋದು ಅಮ್ಮ. ನೀವು ಕೊಟ್ಟದ್ದು ನಾಲ್ಕು, ಮರ ಕೇಳಿದ್ದು ಐದು."

ನಾನು ನಕ್ಕೆ. ಟೀಚರಮ್ಮ ನಗಲಿಲ್ಲ. ಹೊರಗೆ ಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆಯುತ್ತಾ ನಿಂತರು.

ಅದಾದ ಮೇಲೆ ಅವರು ಪ್ರತಿ ರೋಗಿಗೂ ಮೊದಲು ನನ್ನ ಕೈ ಇಡಿಸತೊಡಗಿದರು. "ನಿನ್ನ ಎಡಗೈ ಬೆರಳು ಕೊಡು. ಎಷ್ಟು ಹೇಳು ನೋಡಣ." ನಾನು ಹೇಳಿದ ಮೇಲೆ ತಾವು ಬೆರಳಿಟ್ಟು ನೋಡಿ, "ಸರಿ ಇದೆ" ಎನ್ನುವರು. ಅವರು ನನಗೆ ವಿದ್ಯೆ ಕಲಿಸುತ್ತಿದ್ದಾರೆ ಎಂದು ನಾನು ಉಬ್ಬಿಹೋದೆ. ಆಯಾ ಆಗಿದ್ದವಳಿಗೆ ಅಂಕ ಕೊಡುವ ಅಧಿಕಾರ! ಮನೆಗೆ ಹೋಗಿ ಮಗಳಿಗೂ ಹೇಳಿಕೊಂಡೆ.

ಮರುವರ್ಷ ಬೆಂಗಳೂರಿನಿಂದ ಒಬ್ಬಳು ಎಂಜಿನಿಯರ್ ಹುಡುಗಿ ಬಂದಳು. ಕೂದಲೆಳೆಯಷ್ಟು ಸಣ್ಣ ಗಾಜಿನ ತಂತು ಸುತ್ತಿದ ಒಂದು ಪ್ಲಾಸ್ಟಿಕ್ ಹಿಡಿಕೆ ಅವಳ ಹತ್ತಿರ ಇತ್ತು. ತಂತುವಿನ ಒಂದು ತುದಿಯಿಂದ ಕೆಂಪು ಬೆಳಕು ಬಿಟ್ಟರೆ ಇನ್ನೊಂದು ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕಿ ಕಾಣುತ್ತಿತ್ತು. ಹಿಡಿಕೆಯನ್ನು ಒತ್ತಿದರೆ ತಂತು ಚೂರು ಬಾಗಿ ಆ ಚುಕ್ಕಿ ಮಂಕಾಗುವುದು. ಎಷ್ಟು ಮಂಕಾಯಿತು ಎಂಬುದರಿಂದ ಎಷ್ಟು ಒತ್ತಿದರು ಎಂದು ಪಕ್ಕದ ಪೆಟ್ಟಿಗೆ ಲೆಕ್ಕ ತೋರಿಸುವುದು.

"ಇಷ್ಟು ಕಷ್ಟ ಎಂತಕ್ಕೆ? ಸ್ಪ್ರಿಂಗ್ ಇಟ್ಟರೆ ಆಗಲ್ವಾ?" ಎಂದು ಟೀಚರಮ್ಮ ಕೇಳಿದರು.

ಅವಳು ವಿವರಿಸಿದಳು. ಎಂಆರ್‌ಐ ಎಂಬ ಯಂತ್ರದೊಳಗೆ ರೋಗಿಯನ್ನು ಮಲಗಿಸಿ ಮಿದುಳಿನ ಚಿತ್ರ ತೆಗೆಯುತ್ತಾರೆ. ಆ ಯಂತ್ರ ಒಂದು ದೊಡ್ಡ ಅಯಸ್ಕಾಂತ. ಕಬ್ಬಿಣದ ಸಣ್ಣ ಚೂರು ಇದ್ದರೂ ಎಳೆದುಕೊಳ್ಳುತ್ತದೆ, ತಂತಿಯಲ್ಲಿ ಕರೆಂಟ್ ಹರಿದರೆ ಚಿತ್ರ ಕೆಡುತ್ತದೆ. ಗಾಜಿಗೂ ಬೆಳಕಿಗೂ ಆ ತೊಂದರೆ ಇಲ್ಲ. ಲಕ್ವ ಹೊಡೆದವರು ಒಳಗೆ ಮಲಗಿ ಹಿಡಿಕೆ ಒತ್ತಿದಾಗ ಮಿದುಳಿನ ಯಾವ ಭಾಗ ಎಚ್ಚರಾಗುತ್ತದೆ, ಆ ಕ್ಷಣ ಎಷ್ಟು ಬಲ ಹಾಕಿದರು, ಎರಡೂ ಒಟ್ಟಿಗೆ ತಿಳಿದರೆ ಯಾರಿಗೆ ಯಾವ ವ್ಯಾಯಾಮ ಎಂದು ಮುಂದೆ ಹೇಳಬಹುದು.

"ಅಲ್ಲಿ ಕೈ ಯಾರಿಗೂ ಕಾಣಲ್ಲ ಮೇಡಂ, ಕೊಳವೆ ಒಳಗೆ ಇರತ್ತೆ. ಅದಕ್ಕೇ ಇಲ್ಲೂ ಕೈಯನ್ನು ಮುಚ್ಚಿಟ್ಟೇ ಪರೀಕ್ಷೆ ಮಾಡ್ತೀವಿ. ಮೊದಲು ನಿಮ್ಮ ಬೆರಳು, ಆಮೇಲೆ ನಮ್ಮ ಹಿಡಿಕೆ. ಎರಡೂ ಹೊಂದುತ್ತಾ ನೋಡೋಣ ಅಂತ."

ಟೀಚರಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನನ್ನ ಕೈ ಎಂತಕ್ಕೆ? ಇವಳು ಚೆನ್ನಾಗಿ ನೋಡ್ತಾಳೆ, ಇವಳದ್ದು ಇಟ್ಕೊಳ್ಳಿ" ಎಂದು ನನ್ನನ್ನು ಮುಂದೆ ತಳ್ಳಿದರು. ನಮ್ಮ ಡಾಕ್ಟರು ನಕ್ಕುಬಿಟ್ಟರು. "ನಿಮ್ಮಷ್ಟು ವರ್ಷದ ಅನುಭವ ಈ ಜಿಲ್ಲೆಯಲ್ಲಿ ಯಾರಿಗಿದೆ ಮೇಡಂ? ಸಂಕೋಚ ಮಾಡ್ಬೇಡಿ."

ಎರಡೂ ಬದಿಗೆ ಬಟ್ಟೆಯ ಪರದೆ ಇದ್ದ ಒಂದು ರಟ್ಟಿನ ಪೆಟ್ಟಿಗೆ. ಒಂದು ಕಡೆಯಿಂದ ರೋಗಿಯ ಕೈ, ಇನ್ನೊಂದು ಕಡೆಯಿಂದ ಟೀಚರಮ್ಮನ ಕೈ. ಎಷ್ಟು ಬಲ ಹಾಕಬೇಕೆಂದು ಹುಡುಗಿ ರೋಗಿಗೆ ಮಾತ್ರ ಕಾಣುವಂತೆ ಒಂದು ಚೀಟಿ ತೋರಿಸುತ್ತಿದ್ದಳು. ಮೊದಲ ಮೂವರು ನಮ್ಮ ಹಳೆಯ ರೋಗಿಗಳೇ. ಟೀಚರಮ್ಮ ಅವರ ಮುಖವನ್ನೇ ದಿಟ್ಟಿಸುತ್ತಾ ಅಂಕ ಹೇಳಿದರು. ಹುಡುಗಿ ಬರೆದುಕೊಂಡಳು.

ನಾಲ್ಕನೆಯವರು ಕಳಸದ ಬಟ್ಟೆ ಅಂಗಡಿಯ ಯಜಮಾನರು, ಮಾತಿನ ಮಲ್ಲ. ಚೀಟಿ ನೋಡಿ ಹುಬ್ಬು ಹಾರಿಸಿ, ಹಲ್ಲು ಕಚ್ಚಿ ಕೂತರು. ಟೀಚರಮ್ಮ ಸ್ವಲ್ಪ ಕಾದು "ಮೂರು" ಎಂದರು.

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. "ಸೋತ್ರಿ ಟೀಚರಮ್ಮ! ಹಿಡೀಬೇಡಿ ಅಂತ ಚೀಟೀಲಿತ್ತು. ನಾನು ಹಿಡಿದೇ ಇಲ್ವಲ್ಲ! ಬರೀ ಮುಖ ಮಾಡ್ದೆ."

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಟೀಚರಮ್ಮ ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ. ನಗು ತಾನಾಗಿ ನಿಂತಿತು. ಆಗ ಕೈ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನ್ನ ಬೆರಳಿಗೆ ಗೊತ್ತಾಗಲ್ಲ ಡಾಕ್ಟ್ರೇ. ಎರಡು ವರ್ಷದ ಮೇಲಾಯ್ತು" ಎಂದರು. "ಯಾರಾದ್ರೂ ಹಿಡಿದಾಗ ಉಗುರಿನ ಬಣ್ಣ ಬದಲಾಗತ್ತೆ. ಮೊದಲು ಕೆಂಪು, ಬಿಗಿ ಹೆಚ್ಚಾದ ಹಾಗೆ ಬಿಳಿ. ಅದನ್ನ ನೋಡಿ ಹೇಳ್ತಿದ್ದೆ. ಕಣ್ಣಿಗೆ ಕಂಡರೆ ತಪ್ಪುತ್ತಿರಲಿಲ್ಲ."

ಆ ಹುಡುಗಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಮೇಡಂ, ನಮ್ಮ ಗಾಜಿನ ಎಳೆನೂ ಅದನ್ನೇ ಮಾಡೋದು" ಎಂದು ಮೆಲ್ಲಗೆ ಹೇಳಿದಳು. ಸಮಾಧಾನಕ್ಕೆ ಹೇಳಿದಳೋ ನಿಜವಾಗಿ ಬೆರಗಾಗಿ ಹೇಳಿದಳೋ ನನಗೆ ತಿಳಿಯದು. ಟೀಚರಮ್ಮ ಅವಳ ಪುಸ್ತಕದ ಕಡೆ ಕೈ ತೋರಿಸಿ, "ಆ ಮೂರು ಅನ್ನೋದನ್ನ ಹೊಡೆದುಹಾಕ್ಬೇಡ. ನನ್ನ ತಪ್ಪನ್ನೂ ಬರ್ಕೋ" ಎಂದರು.

ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಕರೆಂಟ್ ಇಲ್ಲದ ಆ ಸಂಜೆ ನನ್ನ ತಲೆಗೆ ಬಂತು. ಅವರು ನನ್ನ ಕಡೆ ನೋಡಿದರು. ಅವರ ತಲೆಯಲ್ಲೂ ಅದೇ ಇತ್ತು.

ಆ ಭಾನುವಾರ ಬಾಳೂರಿನ ಬಸ್ಸಿಗೆ ಅವರ ಜೊತೆ ನಾನೂ ಹತ್ತಿದೆ. ಅವರೇ ಬಾ ಎಂದರು. ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳಲ್ಲಿ ಕೊನೆಯದು. ಮರದಿಂದ ಬಿದ್ದ ಆ ಆಳು ಜಗಲಿಯಲ್ಲಿ ಹಾಸಿಗೆಯ ಮೇಲೆ ಒರಗಿ ಕೂತಿದ್ದ. ಸೊಂಟದ ಕೆಳಗೆ ಕಾಲುಗಳು ಸಣಕಲಾಗಿದ್ದವು. ಹೆಂಡತಿ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಹಾಸಿಕೊಟ್ಟ ಚಾಪೆಯ ಮೇಲೆ ಟೀಚರಮ್ಮ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಬೆರಳು ಸತ್ತದ್ದು, ಮುಚ್ಚಿಟ್ಟದ್ದು, ಆ ಸಂಜೆ ಉಗುರು ಕಾಣದೆ ಅಂದಾಜಿನಲ್ಲಿ ನಾಲ್ಕು ಎಂದದ್ದು.

ಹೆಂಡತಿ ಪಾತ್ರೆ ಬಿಟ್ಟು ಎದ್ದಳು. "ಮೊದಲೇ ಹೇಳಿದ್ರೆ ಇವರು ಹತ್ತುತ್ತಿರಲಿಲ್ಲ."

"ಹೌದು" ಎಂದರು ಟೀಚರಮ್ಮ.

"ಎಂತಕ್ಕೆ ಹೇಳ್ಲಿಲ್ಲ ಹಾಗಾದ್ರೆ?"

"ಕೆಲಸ ಹೋಗತ್ತೆ ಅಂತ. ಅದು ಬಿಟ್ಟು ನಂಗೆ ಬೇರೆ ಎಂತದ್ದೂ ಇರಲಿಲ್ಲ."

ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವನು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ಆವತ್ತು ನಂಗೆ ಎಷ್ಟಿತ್ತು ಅಮ್ಮ?"

"ಗೊತ್ತಿಲ್ಲ ಮಾರಾಯ. ಅದೊಂದು ನಂಗೆ ಯಾವತ್ತೂ ಗೊತ್ತಾಗಲ್ಲ."

ಕಾಫಿ ಕುಡಿದು ಹೋಗಿ ಎಂದು ಅವನು ಹೇಳಿದ. ಒಳಗಿನಿಂದ ಕಾಫಿ ಬರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೊರಟೆವು. ದಾರಿಯಲ್ಲಿ ನಾನು ಏನೋ ಸಮಾಧಾನ ಹೇಳಲು ಹೋದೆ. "ಬೇಡ. ಅವಳು ಕೊಡದೇ ಇದ್ದದ್ದು ಸರಿ" ಎಂದರು.

ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟರು. ಡಾಕ್ಟರು ಅದನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ಮೊದಲು ಬೆರಳಿಗೆ ಏನಾಗಿದೆ ನೋಡಿಸಿ ಎಂದು ಹಟ ಹಿಡಿದರು. ಆ ಹುಡುಗಿಯ ಹಿಡಿಕೆಯ ಪ್ರಯೋಗ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಎಂಆರ್‌ಐನಲ್ಲಿ ನಡೆಯುವುದಿತ್ತು. ಅವಳೇ ದಿನ ಗೊತ್ತು ಮಾಡಿದಳು. ಚಾರ್ಮಾಡಿ ಘಾಟಿ ಇಳಿದು ಹೋದೆವು. ಟೀಚರಮ್ಮ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಒಂದೇ ಒಂದು ಸಲ, "ವಾಂತಿ ಬರುತ್ತಾ ನಿಂಗೆ? ಮುಂದಿನ ಸೀಟಿಗೆ ಬಾ" ಎಂದು ಕೇಳಿದರು.

ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದು ಅಲ್ಲಿಯವರು ಹೇಳಿದರು. ಕಿವಿಯ ಓಲೆಯ ತಿರುಪನ್ನು ಬಿಚ್ಚಲು ಅವರ ಬೆರಳಿಗೆ ಆಗಲಿಲ್ಲ. ಎಷ್ಟೋ ತಿಂಗಳಿಂದ ಅವರು ಓಲೆ ತೆಗೆದೇ ಇರಲಿಲ್ಲವಂತೆ. ನಾನು ನನ್ನ ಬಲಗೈಯಿಂದ ತಿರುಪು ಬಿಚ್ಚಿದೆ. ಬೆರಳು ನಡುಗಿತು, ಎರಡು ಸಲ ಜಾರಿತು, ಬಂತು. ಅವರು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದರು. "ಮೂರೂವರೆ" ಎಂದರು. ಅವರು ಅರ್ಧ ಅಂಕ ಕೊಟ್ಟದ್ದು ನಾನು ಕೇಳಿದ್ದು ಅದೊಂದೇ ಸಲ.

ಒಳಗೆ ಮಲಗಿ ಅವರೂ ಆ ಹಿಡಿಕೆಯನ್ನು ಒತ್ತಿದರು. ನಾವು ಗಾಜಿನ ಆಚೆ ನಿಂತಿದ್ದೆವು. ಪರದೆಯ ಮೇಲೆ ಒಂದು ಗೆರೆ ಚೂರು ಏರಿ, ಉಳಿಯಲಾರದೆ ಇಳಿಯಿತು. ಎಷ್ಟು ಎಂದು ಯಾರೂ ಹೇಳಬೇಕಾಗಿರಲಿಲ್ಲ, ನನಗೆ ಗೊತ್ತಾಯಿತು. ಆಮೇಲೆ ಕತ್ತಿನ ಚಿತ್ರ ತೆಗೆದರು. ಬೆನ್ನುಹುರಿಯ ಒಳಗೇ ಒಂದು ಗಡ್ಡೆ ಬೆಳೆದಿತ್ತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಪೂರ್ತಿ ತೆಗೆದರೆ ಉಸಿರಿಗೇ ಕುತ್ತು ಎಂದು ಅರ್ಧ ಬಿಟ್ಟು ಹೊಲಿದರು. ಅಣ್ಣನ ಮನೆಯವರು ಚಿಕ್ಕಮಗಳೂರಿಗೆ ಕರೆದರು, ಒಳ್ಳೆಯ ಜನ. ಟೀಚರಮ್ಮ ಮೂಡಿಗೆರೆಯನ್ನೇ ಹಿಡಿದರು. "ಅಲ್ಲಿ ಎಲ್ರೂ ನಂಗೆ ಆರಾಮಾಗ್ತೀಯ ಅಂತಾರೆ" ಎಂದರು.

ಹಾಗಾಗಿ ದಿನಾ ಮಧ್ಯಾಹ್ನ ಆಸ್ಪತ್ರೆಯ ಕೆಲಸದ ನಡುವೆ ನಾನು ಅವರ ಮನೆಗೆ ಹೋಗತೊಡಗಿದೆ. ಊಟ ಮಾಡಿಸಿ, ಅವರು ಕಲಿಸಿದ ವ್ಯಾಯಾಮವನ್ನು ಅವರಿಗೇ ಮಾಡಿಸಿ, ಕೊನೆಯಲ್ಲಿ ನನ್ನ ಎರಡು ಬೆರಳನ್ನು ಅವರ ಅಂಗೈಯಲ್ಲಿ ಇಡುತ್ತಿದ್ದೆ.

"ಎಷ್ಟು?"

"ಮೂರು."

"ಎಡಗೈ?"

"ನಾಲ್ಕು."

ಮೊದಲ ವರ್ಷ ಹಾಗೇ ನಿಂತಿತು. ಆಮೇಲೆ ಇಳಿಯಿತು. ಮೂರು ಎರಡಾಯಿತು. ನಾಲ್ಕು ಮೂರಾಯಿತು. ಪ್ರತಿ ಅಂಕವನ್ನೂ ನಾನೇ ನನ್ನ ಬಾಯಿಂದ ಹೇಳಬೇಕು. ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ನನಗೆ ಸುಲಭವಾಗಲಿ ಎಂದು ಗೋಡೆ ನೋಡುತ್ತಿದ್ದರು. ಬಲಗೈ ಒಂದಕ್ಕೆ ಬಂದ ದಿನ ನಾನು ತಡವರಿಸಿದೆ. "ಎರಡಕ್ಕೆ ಹತ್ತಿರ…" ಎಂದು ಶುರುಮಾಡಿದೆ.

"ಮಾರಾಯ್ತಿ" ಎಂದರು. ಅಷ್ಟೇ.

"ಒಂದು" ಎಂದೆ.

"ಹ್ಞಾ. ಈಗ ಅನ್ನ ಕಲಸು."

ಸೊನ್ನೆಯನ್ನೂ ಹೇಳಿದೆ. ಮೊದಲು ಬಲಗೈಯದು, ಹತ್ತು ತಿಂಗಳ ನಂತರ ಎಡಗೈಯದು. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಹಿತ್ತಲಿಗೆ ಹೋಗಿ ಅತ್ತವಳು ನಾನು. ಅವರು ಹೋಗಿ ಇಷ್ಟು ವರ್ಷವಾದರೂ ಆ ಲೆಕ್ಕ ನನ್ನನ್ನು ಬಿಟ್ಟಿಲ್ಲ. ಒಂದು ದಿನವಾದರೂ ಸುಳ್ಳು ಹೇಳಬಹುದಿತ್ತಲ್ಲ? ಅವರು ಏಣಿ ಹತ್ತುವವರಲ್ಲ, ಮರ ಏರುವವರಲ್ಲ, ಮಂಚದಿಂದ ಇಳಿಯುವವರೂ ಅಲ್ಲ. ಒಂದು ಮಧ್ಯಾಹ್ನ "ಇವತ್ತು ಸ್ವಲ್ಪ ಜಾಸ್ತಿ ಇದೆ ಟೀಚರಮ್ಮ" ಎಂದಿದ್ದರೆ ಯಾರ ಸೊಂಟ ಮುರಿಯುತ್ತಿತ್ತು? ಒಬ್ಬರ ಕೈಯಿಂದ ಬಲ ಒಂದೊಂದೇ ಅಂಕವಾಗಿ ಹೋಗುವುದನ್ನು ಅವರ ಮುಖದ ಮುಂದೆ ಎಣಿಸಿದೆನಲ್ಲ. ಅವರನ್ನು ಅಷ್ಟು ಹತ್ತಿರದಿಂದ ಕಂಡ ನನ್ನಿಂದ ಅಷ್ಟೂ ಆಗಲಿಲ್ಲವೇ ಎನಿಸುತ್ತದೆ.

ಕೊನೆಯ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಕೆಮ್ಮುವುದಕ್ಕೂ ಬಲ ಬೇಕು, ಅದೂ ಇರಲಿಲ್ಲ. ಆಸ್ಪತ್ರೆಗೆ ತಂದು ನಮ್ಮ ಕೋಣೆಯ ಪಕ್ಕದ ವಾರ್ಡಿನಲ್ಲಿ ಮಲಗಿಸಿದರು. ಅಣ್ಣ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಕತ್ತಿಗೆ ಪಟ್ಟಿ ಕಟ್ಟಿದ್ದರಿಂದ ಟೀಚರಮ್ಮನಿಗೆ ಸೂರು ಮಾತ್ರ ಕಾಣುತ್ತಿತ್ತು.

ನಾನು ಎಂದಿನಂತೆ ಮಧ್ಯಾಹ್ನ ಹೋಗಿ ಸ್ಟೂಲು ಎಳೆದು ಕೂತೆ. ಅವರ ಕೈಯನ್ನು ಎತ್ತಿಕೊಂಡೆ. ಎಷ್ಟು ಎಂದು ಅವರು ಕೇಳುವುದನ್ನು ಕಾದೆ.

"ಇವತ್ತು ಕೇಳಲ್ಲ" ಎಂದರು. ಮಾತು ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. "ನೀನು ಹೇಳ್ಬೇಡ. ಸುಮ್ನೆ ಹಿಡ್ಕೊಂಡು ಕೂತ್ಕೋ."

ಕೂತೆ. ಹೊರಗೆ ಯಾರದೋ ಮಗು ಅಳುತ್ತಿತ್ತು, ಸಿಸ್ಟರ್ ಅದನ್ನು ಸಮಾಧಾನ ಮಾಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಅವರು ಮತ್ತೆ ಕಣ್ಣು ತೆರೆದರು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ ಟೀಚರಮ್ಮ."

ಅವರ ಬೆರಳಿಗೆ ಅದು ತಿಳಿಯುತ್ತಿರಲಿಲ್ಲ. ಕತ್ತು ತಿರುಗಿಸಿ ನೋಡಲೂ ಆಗುತ್ತಿರಲಿಲ್ಲ. ನಾನು ಹಿಡಿದಿದ್ದೇನೆ ಎಂಬುದಕ್ಕೆ ಅವರಿಗೆ ಇದ್ದದ್ದು ನನ್ನ ಮಾತೊಂದೇ.

"ಸರಿ ಹಾಗಾದ್ರೆ" ಎಂದು ಕಣ್ಣು ಮುಚ್ಚಿದರು.